ಘಟ್ಟ ಇಳಿದು, ಊರು ಮರೆತವರ ಮನೆಗೆ

ಸಕಲೇಶಪುರ ದಾಟಿ ದೋಣಿಗಲ್ ಬಂತೆಂದರೆ ರೈಲಿನಲ್ಲಿ ಕೂತವರೆಲ್ಲ ಕಿಟಕಿಗೆ ಅಂಟಿಕೊಳ್ಳುತ್ತಾರೆ. ಎಡಕುಮರಿ, ಸಿರಿಬಾಗಿಲು, ಸುಬ್ರಹ್ಮಣ್ಯ ರೋಡ್ ವರೆಗೆ ಸುಮಾರು 55 ಕಿಲೋಮೀಟರ್ ಘಟ್ಟದ ದಾರಿ. 50ಕ್ಕೂ ಹೆಚ್ಚು ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ಸುರಂಗದ ಕತ್ತಲು ಬಂದಾಗೆಲ್ಲ ಮಕ್ಕಳು ‘ಹೋ’ ಅಂತ ಕೂಗುತ್ತವೆ, ಬೆಳಕು ಬಂದಾಗ ದೊಡ್ಡವರು ಮೊಬೈಲ್ ಹೊರಗೆ ಹಿಡಿಯುತ್ತಾರೆ. 1979ರಲ್ಲಿ ಮೀಟರ್‌ಗೇಜ್ ಆಗಿ ಶುರುವಾದ ದಾರಿ ಇದು. ಬ್ರಾಡ್‌ಗೇಜ್ ಮಾಡಲು ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಕೊನೆಗೆ. ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಾಸನದವರಿಗೆ ಮಂಗಳೂರಿಗೆ ರೈಲೇ ಇರಲಿಲ್ಲ.

ನಮ್ಮ ಕಡೆಯವರು ಸಾಮಾನ್ಯವಾಗಿ ಮಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಇಲ್ಲ ಮಕ್ಕಳನ್ನು ಕಾಲೇಜಿಗೆ ಸೇರಿಸುವುದಕ್ಕೆ. ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿಕೊಂಡು ಪಣಂಬೂರಿನಲ್ಲಿ ಕಾಲು ನೆನೆಸಿ ಬರುವವರೂ ಇದ್ದಾರೆ. ಹೊಳೆನರಸೀಪುರದಿಂದ ನಾನು, ದೊಡ್ಡಮ್ಮ ಹೊರಟದ್ದು ಈ ಯಾವುದಕ್ಕೂ ಅಲ್ಲ. ದೊಡ್ಡಪ್ಪನ ವರ್ಷದ ದಿನ ಯಾವುದಾದರೂ ಆಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸಬೇಕು ಅನ್ನುವುದು ದೊಡ್ಡಮ್ಮನ ಆಸೆ. ಮಂಜೇಶ್ವರದ ಹತ್ತಿರ ಪಾವೂರು ಅನ್ನುವಲ್ಲಿ ಸ್ನೇಹಾಲಯ ಅಂತ ಒಂದಿದೆ, ಬೀದಿಯಲ್ಲಿ ಅಲೆಯುವವರನ್ನು ಕರೆತಂದು ಇಟ್ಟುಕೊಳ್ಳುತ್ತಾರೆ ಅಂತ ಹೇಳಿದ್ದು ಮಂಗಳೂರಿನಲ್ಲಿ ನರ್ಸಿಂಗ್ ಓದುವ ಅವರ ಮೊಮ್ಮಗಳು.

“ಅದು ಕಿರಸ್ತಾನರ ಮನೆಯಂತಲ್ಲವ್ವ? ನಿಮ್ಮ ದೊಡ್ಡಪ್ಪನ ಹೆಸ್ರಲ್ಲಿ ಅಲ್ಲಿ ಊಟ ಹಾಕ್ಸುದ್ರೆ ನಾಲ್ಕು ಜನ ಏನಂದಾರು?” ಅಂತ ದೊಡ್ಡಮ್ಮ ಮೊದಲು ಹಿಂಜರಿದರು.

“ನಡೆಸೋರು ಕ್ರೈಸ್ತರು ದೊಡ್ಡಮ್ಮ. ಊಟ ಮಾಡೋರು ಯಾವ ಜಾತಿ ಅಂತ ಎಷ್ಟೋ ಸಲ ಅವರಿಗೇ ಗೊತ್ತಿರಲ್ಲವಂತೆ.”

“ತನ್ನ ಜಾತಿ ತನಗೇ ಗೊತ್ತಿಲ್ದೋರು ಇರ್ತಾರ?”

“ಹೆಸರೇ ಮರೆತಿರ್ತಾರಂತೆ.”

ಅವರು ಸುಮ್ಮನಾದರು. ಬುತ್ತಿಗೆ ಚಿತ್ರಾನ್ನ ಮಾಡುವುದಾ ಉಪ್ಪಿಟ್ಟು ಮಾಡುವುದಾ ಅನ್ನುವ ಮಾತಿಗೆ ಹೋದರು. ಹೋಗುವುದು ನಿಶ್ಚಯವಾಯಿತು ಅಂತ ಅದರಲ್ಲೇ ಗೊತ್ತಾಯಿತು.

ಹಾಸನ ಜಿಲ್ಲೆಯಲ್ಲಿ ಕ್ರೈಸ್ತರ ಗುರುತು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಎರಡು. ಹಾಸನ ಪೇಟೆಯ ಮಿಷನ್ ಆಸ್ಪತ್ರೆ, ಅಂದರೆ ಸಿ.ಎಸ್.ಐ. ರೆಡ್‌ಫರ್ನ್ ಆಸ್ಪತ್ರೆ ಒಂದು. ಇನ್ನೊಂದು ಶೆಟ್ಟಿಹಳ್ಳಿಯ ಮುಳುಗುವ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಎದ್ದುಹೋಯಿತು, ಗೋಡೆಗಳಷ್ಟೇ ನಿಂತವು. ಮಳೆಗಾಲದಲ್ಲಿ ಅರ್ಧ ನೀರು, ಬೇಸಿಗೆಯಲ್ಲಿ ಬಯಲು. ಫೋಟೊಕ್ಕೆ ಅಂತ ಬೆಂಗಳೂರಿನಿಂದ ಬರುವವರಿಗೆ ಲೆಕ್ಕವಿಲ್ಲ. ಅಲ್ಲಿದ್ದ ಜನ ಎಲ್ಲಿಗೆ ಹೋದರು ಅಂತ ಕೇಳುವವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ರೈಲು ಮಂಗಳೂರು ಜಂಕ್ಷನ್‌ಗೆ ಬಂದು ನಿಂತಿತು. ಹಿಂದೆ ಇದಕ್ಕೆ ಕಂಕನಾಡಿ ಸ್ಟೇಷನ್ ಅಂತಲೇ ಹೆಸರಿತ್ತು. ಪ್ಲಾಟ್‌ಫಾರ್ಮಿನ ಬೋರ್ಡು ನೋಡುತ್ತಾ ನಿಂತರೆ ಈ ಊರಿಗೆ ದಿಕ್ಕು ತಪ್ಪಿದವರು ಯಾಕೆ ಬಂದು ಸೇರುತ್ತಾರೆ ಅನ್ನುವುದು ಅರ್ಧ ಅರ್ಥವಾಗುತ್ತದೆ. 1907ರಲ್ಲಿ ಮದರಾಸಿನ ಕಡೆಯಿಂದ ರೈಲು ಬಂದು ಸೇರಿದಾಗ ಮಂಗಳೂರು ಹಳಿಯ ಕೊನೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮುಂಬೈ, ಗುಜರಾತ್, ರಾಜಸ್ಥಾನ, ದೆಹಲಿಯ ಗಾಡಿಗಳೆಲ್ಲ ಇದೇ ದಾರಿಯಲ್ಲಿ ಕೇರಳಕ್ಕೆ ಇಳಿಯತೊಡಗಿದವು. ತಲೆ ಸರಿಯಿಲ್ಲದ ಹೊತ್ತಿನಲ್ಲಿ ಮನೆ ಬಿಟ್ಟವರು ಕಂಡ ರೈಲು ಹತ್ತುತ್ತಾರೆ. ಟಿಕೆಟ್ ಇಲ್ಲ, ಟಿ.ಟಿ. ಇಳಿಸಿದಲ್ಲಿ ಇಳಿಯುತ್ತಾರೆ, ಮತ್ತೆ ಬಂದ ಗಾಡಿ ಹತ್ತುತ್ತಾರೆ. ಹೀಗೆ ಬಿಹಾರದಲ್ಲಿ ಹತ್ತಿದವರು ಕರಾವಳಿಯಲ್ಲಿ ಇಳಿದಿರುತ್ತಾರೆ. ಅಷ್ಟು ಹೊತ್ತಿಗೆ ಚೀಟಿ ಇಲ್ಲ, ಚಪ್ಪಲಿ ಇಲ್ಲ, ಅವರ ಮಾತು ತಿಳಿಯುವವರು ಸುತ್ತ ನೂರು ಮೈಲಿಯಲ್ಲಿ ಯಾರೂ ಇಲ್ಲ.

ಸ್ಟೇಷನ್ ಹೊರಗೆ ಆಟೊದವರನ್ನು ಕೇಳಿದೆ.

“ಪಾವೂರಿಗಾ? ತಲಪಾಡಿ ದಾಟ್ಬೇಕಲ್ಲಾ ಅಮ್ಮ. ಅದು ಕೇರಳ ಆಯ್ತು, ನನಗೆ ಆ ಕಡೆ ಪರ್ಮಿಟ್ ಇಲ್ಲ. ಸ್ಟೇಟ್‌ಬ್ಯಾಂಕಿಗೆ ಬಿಡ್ತೇನೆ, ಅಲ್ಲಿಂದ ಬಸ್ಸು ಉಂಟು.” ದಾರಿಯಲ್ಲಿ ಅವರೇ ಕೇಳಿದರು: “ನಿಮ್ಮ ಜನ ಯಾರಾದ್ರೂ ಅಲ್ಲಿ ಇದ್ದಾರಾ?” ಊಟ ಕೊಡಲು ಹೋಗುತ್ತಿದ್ದೇವೆ ಅಂದೆ. “ಒಳ್ಳೆದಾಯ್ತು ಮಾರಾಯ್ರೆ” ಅಂತ ಹೇಳಿ, ಮೀಟರಿಗಿಂತ ಒಂದು ಪೈಸೆ ಹೆಚ್ಚು ಕೇಳದೆ ಇಳಿಸಿದರು.

ಈ ಊರಿಗೆ ಇಂಥ ಕೆಲಸ ಹೊಸದಲ್ಲ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಕೂತದ್ದು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಒಂದು ಆಸ್ಪತ್ರೆ ಆಯಿತು. ಆಗ ಕುಷ್ಠ ಬಂದವರು ಅಂದರೆ ಮನೆಯಿಂದಲೇ ಹೊರಬಿದ್ದವರು. ಇವತ್ತು ಫಾದರ್ ಮುಲ್ಲರ್ ಆಸ್ಪತ್ರೆ ಅಂದರೆ ಘಟ್ಟದ ಮೇಲಿನವರಿಗೂ ಪರಿಚಯ. ಜೆಪ್ಪುವಿನಲ್ಲಿ ಅನಾಥರ ಆಶ್ರಮ ಬೆಳೆಯಿತು. ನಮ್ಮ ಕಾಲದಲ್ಲಿ ಕೊರಿನ್ ರಸ್ಕಿನ್ಹಾ ಅವರ ‘ವೈಟ್ ಡವ್ಸ್’ ಇದೆ. ಬೀದಿಯಲ್ಲಿದ್ದವರಿಗೆ ಊಟದ ಪೊಟ್ಟಣ ಹಂಚುವುದರಿಂದ ಶುರುವಾಗಿ, ಪೊಟ್ಟಣ ಸಾಲದು ಅಂತ ಮನೆಯನ್ನೇ ಮಾಡಿದ ಸಂಸ್ಥೆ ಅದು. ಪಾವೂರಿನದನ್ನು ಜೋಸೆಫ್ ಕ್ರಾಸ್ತಾ ಅವರು 2009ರಲ್ಲಿ ಶುರುಮಾಡಿದರು. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದವರಿಗೆ ‘ಮನ್ನಾ’ ಅನ್ನುವ ಹೆಸರಿನಲ್ಲಿ ಮಧ್ಯಾಹ್ನದ ಊಟ ಕೊಡುವ ಕೆಲಸವನ್ನೂ ಈ ಸ್ನೇಹಾಲಯ ಹಚ್ಚಿಕೊಂಡಿತು. ಪೊಟ್ಟಣ ಸಾಲದು ಅಂದೆನಲ್ಲ, ಈ ಬರಹವೆಲ್ಲ ಅದರ ಮೇಲೆಯೇ.

ನೇತ್ರಾವತಿ ಸೇತುವೆ, ತೊಕ್ಕೊಟ್ಟು, ತಲಪಾಡಿ. ಟೋಲ್ ದಾಟಿದ ಕೂಡಲೇ ಬೋರ್ಡುಗಳಲ್ಲಿ ಮಲಯಾಳ ಮೇಲೆ, ಕನ್ನಡ ಕೆಳಗೆ. ಬಸ್ಸಿನೊಳಗೆ ಮಾತು ಮಾತ್ರ ಬದಲಾಗುವುದಿಲ್ಲ: ಮುಂದಿನ ಸೀಟಿನಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಕಂಡಕ್ಟರ್ ನಮ್ಮ ಜೊತೆ ಕನ್ನಡ, ಡ್ರೈವರ್ ಜೊತೆ ಮಲಯಾಳ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ನೆಲ ಇದು, ಸಪ್ತಭಾಷೆಗಳ ನಾಡು ಅಂತ ಕರೆಯುತ್ತಾರೆ. ಹತ್ತಾರು ಭಾಷೆ ಕಲಿತ ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ್ದೂ ಮಂಜೇಶ್ವರದಲ್ಲೇ. ಇಷ್ಟು ಭಾಷೆಯ ಊರಿಗೂ ಅರ್ಥವಾಗದ ಮಾತನ್ನು ಆಡುವವರು ಇಲ್ಲಿ ಬಂದು ಸೇರಿದ್ದಾರಲ್ಲ ಅಂತ ನನಗೆ ಅನ್ನಿಸಿತು. ದೊಡ್ಡಮ್ಮನಿಗೆ ಅನ್ನಿಸಿದ್ದು ಬೇರೆ. “ಇಲ್ಲೂ ತೆಂಗು, ನಮ್ಮಲ್ಲೂ ತೆಂಗು. ಇಲ್ಲಿದು ಎಷ್ಟು ಎತ್ತರ ನೋಡು, ಕಾಯಿ ಕೀಳೋನ ಗತಿ ಏನು?”

ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕೆಂಪು ಮಣ್ಣು, ರಬ್ಬರು, ಅಡಿಕೆ, ಮುರಕಲ್ಲಿನ ಗೋಡೆಗಳು. ಇದು ಮಠದ ಥರವೂ ಅಲ್ಲ, ಆಸ್ಪತ್ರೆಯ ಥರವೂ ಅಲ್ಲ, ಎರಡೂ ಸ್ವಲ್ಪ ಸ್ವಲ್ಪ. ಬಟ್ಟೆ ಒಗೆದು ಒಣಗಿಸುವುದೇ ಇಂಥ ಕಡೆ ದಿನದ ದೊಡ್ಡ ಕೆಲಸ ಅಂತ ನೋಡಿದರೆ ಗೊತ್ತಾಗುತ್ತದೆ. ಲುಂಗಿ, ನೈಟಿ, ಬೆಡ್‌ಶೀಟು, ಎಲ್ಲವೂ ಎಣಿಸಲಾಗದಷ್ಟು.

ಅಂಗಳದಲ್ಲಿ ಕೂತಿದ್ದ ಬಿಳಿಗೂದಲಿನ ಒಬ್ಬರು ನಮ್ಮನ್ನು ನೋಡಿ ಎದ್ದು ಬಂದು ಕೈಮುಗಿದು ಕೇಳಿದರು: “ನಿಮ್ಮೂರು ಯಾವುದು?”

ಹೊಳೆನರಸೀಪುರ ಅಂದೆ.

“ಅಲ್ಲಿ ಹೊಳೆ ಐತಾ?”

“ಐತೆ ಸ್ವಾಮಿ, ಹೇಮಾವತಿ,” ಅಂತ ದೊಡ್ಡಮ್ಮ ಉತ್ತರ ಕೊಟ್ಟರು.

“ನಮ್ಮಲ್ಲೂ ಹೊಳೆ ಐತಿ,” ಅಂದರು ಅವರು. ಯಾವ ಹೊಳೆ ಅಂತ ಕೇಳಿದ್ದಕ್ಕೆ ನಕ್ಕು ಸುಮ್ಮನಾದರು. ‘ಐತಿ’ ಅಂದದ್ದು ಕೇಳಿ, ಉತ್ತರ ಕರ್ನಾಟಕದ ಕಡೆಯವರಿರಬೇಕು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಇಂಥ ಮನೆಗಳು ದಿನಾ ಮಾಡುವ ಕೆಲಸದಲ್ಲಿ ಮುಖ್ಯವಾದದ್ದು ಇದೇ ಅಂತ ಆಮೇಲೆ ತಿಳಿಯಿತು. ಒಂದು ‘ಐತಿ’ ಹಿಡಿದುಕೊಂಡು ಒಂದು ಹೊಳೆ ಹುಡುಕುವುದು.

ಆದರೆ ಅದಕ್ಕೆ ಬರುವ ಮೊದಲು ಮೈ ಸರಿಯಾಗಬೇಕು. ಬೀದಿಯಿಂದ ಕರೆತಂದವರಿಗೆ ಮೊದಲು ಸಿಗುವುದು ಊಟವಲ್ಲ, ಕತ್ತರಿ ಮತ್ತು ಬಿಸಿನೀರು. ಜಡೆಗಟ್ಟಿದ ಕೂದಲನ್ನು ಬಾಚುವುದು ಆಗದ ಮಾತು, ಹೇನಿಗೆ ಬೋಳಿಸುವುದೇ ದಾರಿ. ಉಗುರು ಬೆಳೆದು ಒಳಕ್ಕೆ ತಿರುಗಿರುತ್ತದೆ. ಕಾಲಿನ ಗಾಯದಲ್ಲಿ ಹುಳ ಬಿದ್ದಿದ್ದರೆ ಟರ್ಪೆಂಟೈನ್ ಹಾಕಿ ಒಂದೊಂದಾಗಿ ಹೊರಕ್ಕೆ ತರಬೇಕು. ಇದನ್ನು ಓದುವಾಗ ಮುಖ ಸಿಂಡರಿಸುವ ನಮಗೆ, ಕೈಯಿಂದ ಮಾಡುವವರ ಬಗ್ಗೆ ಹೇಳಲು ದೊಡ್ಡ ಮಾತೇನೂ ಬೇಡ. ಕಜ್ಜಿಗೆ ಮುಲಾಮು, ಕಫ ತೆಗೆದು ಕ್ಷಯದ ಪರೀಕ್ಷೆ, ರಕ್ತಹೀನತೆಗೆ ಮಾತ್ರೆ. ಊಟವನ್ನೂ ಒಮ್ಮೆಲೆ ಕೊಡುವಂತಿಲ್ಲ. ಬಹಳ ದಿನ ಹಸಿದ ಮೈಗೆ ಹೊಟ್ಟೆ ತುಂಬ ಬಡಿಸಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ ಅಂತ ವೈದ್ಯರು ಹೇಳುತ್ತಾರೆ. ಅದಕ್ಕೆ ಮೊದಲು ಗಂಜಿ, ಸ್ವಲ್ಪ ಸ್ವಲ್ಪ. ಕರಾವಳಿಯ ಕುಚ್ಚಲಕ್ಕಿ ಗಂಜಿಯಷ್ಟು ಇದಕ್ಕೆ ಹೇಳಿ ಮಾಡಿಸಿದ್ದು ಇನ್ನೊಂದಿಲ್ಲ. ಇದನ್ನು ಮುದ್ದೆ ತಿಂದು ಬೆಳೆದ ನಾನು ಒಪ್ಪಿಕೊಂಡು ಹೇಳುತ್ತಿದ್ದೇನೆ.

ಆಮೇಲೆ ತಲೆಯ ಔಷಧ. ಬೀದಿಯಲ್ಲಿ ಒಬ್ಬೊಬ್ಬರೇ ಮಾತಾಡಿಕೊಂಡು, ಕಸ ಆಯ್ದುಕೊಂಡು ತಿರುಗುವ ಬಹಳ ಮಂದಿಗೆ ಇರುವುದು ಸ್ಕಿಜೋಫ್ರೇನಿಯಾದಂಥ ಕಾಯಿಲೆ. ಅದಕ್ಕೆ ಮಾತ್ರೆ ಇದೆ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ. ಅನೇಕರಲ್ಲಿ ಕೆಲವು ವಾರಗಳಲ್ಲೇ ವ್ಯತ್ಯಾಸ ಕಾಣುತ್ತದೆ. ನಮ್ಮ ಊರುಗಳಲ್ಲಿ ‘ಹುಚ್ಚ’ ಅಂದುಬಿಟ್ಟರೆ ಆ ವಿಷಯ ಮುಗಿಯಿತು, ಅದಕ್ಕೊಂದು ಮದ್ದಿದೆ ಅಂತ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಮುಂಬೈಯಲ್ಲಿ ಭರತ್ ವಾಟ್ವಾನಿ, ಸ್ಮಿತಾ ವಾಟ್ವಾನಿ ಅಂತ ಮನೋವೈದ್ಯ ದಂಪತಿ ಇದ್ದಾರೆ. ಒಮ್ಮೆ ರಸ್ತೆ ಬದಿಯಲ್ಲಿ ಒಬ್ಬ ಹುಡುಗ ತೆಂಗಿನ ಚಿಪ್ಪಿನಲ್ಲಿ ಚರಂಡಿ ನೀರು ಎತ್ತಿ ಕುಡಿಯುವುದನ್ನು ನೋಡಿದರು. ಕರೆದುಕೊಂಡು ಹೋಗಿ ಚಿಕಿತ್ಸೆ ಕೊಟ್ಟ ಮೇಲೆ ನೋಡಿದರೆ ಆತ ಆಂಧ್ರದವನು, ಓದಿದವನು, ಮನೆಯವರು ಹುಡುಕಿ ಹುಡುಕಿ ಸೋತಿದ್ದರು. 1988ರಲ್ಲಿ ಅವರು ಶುರುಮಾಡಿದ ಶ್ರದ್ಧಾ ಪುನರ್ವಸತಿ ಸಂಸ್ಥೆ ಇವತ್ತು ಮಹಾರಾಷ್ಟ್ರದ ಕರ್ಜತ್‌ನಲ್ಲಿದೆ. ಇಂಥವರನ್ನು ಗುಣಪಡಿಸಿ ಊರಿಗೆ ಮುಟ್ಟಿಸುವುದೇ ಅವರ ಕೆಲಸ. 2018ರಲ್ಲಿ ಭರತ್ ವಾಟ್ವಾನಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಕ್ರೈಸ್ತ ಸಂಸ್ಥೆಯವರಲ್ಲ, ಆದರೆ ಇಂಥ ಮನೆಗಳವರು ಎಲ್ಲೇ ಇರಲಿ, ಹಿಡಿಯುವ ದಾರಿ ಹೆಚ್ಚುಕಡಿಮೆ ಅದೇ. ಉಳಿಸಿಕೊಳ್ಳುವುದಲ್ಲ, ಮುಟ್ಟಿಸುವುದು.

ಮುಟ್ಟಿಸುವುದು ಹೇಗೆ? ಊರಿನ ಹೆಸರು ಮೊದಲೇ ಬಾಯಿಗೆ ಬರುವುದಿಲ್ಲ. ಬರುವುದು ತುಣುಕುಗಳು. ಒಂದು ಶಾಲೆ, ಒಂದು ಸಂತೆ, ಗುಡ್ಡದ ಮೇಲಿನ ದೇವರು, ಅಣ್ಣನ ಅಡ್ಡಹೆಸರು, ರೈಲು ಬದಲಿಸುವ ಜಂಕ್ಷನ್ನು. ಹತ್ತು ಹಳ್ಳಿಗೆ ಅದೇ ಹೆಸರಿರುತ್ತದೆ. ನಮ್ಮ ಜಿಲ್ಲೆಯಲ್ಲೇ ಎಷ್ಟು ‘ಹೊಸಹಳ್ಳಿ’ ಇವೆ ಲೆಕ್ಕ ಹಾಕಿ. ತಾಲ್ಲೂಕು ಗೊತ್ತಾದರೆ ಅಲ್ಲಿನ ಪೊಲೀಸ್ ಠಾಣೆಗೆ ಫೋನು, ಪಂಚಾಯಿತಿಗೆ ಫೋನು, ವಾಟ್ಸ್ಆ್ಯಪಿನಲ್ಲಿ ಫೋಟೊ. ಈಗ ಇನ್ನೊಂದು ದಾರಿಯೂ ಸಿಕ್ಕಿದೆ, ಆಧಾರ್. ಹೊಸದಾಗಿ ಆಧಾರ್ ಮಾಡಿಸಲು ಬೆರಳು, ಕಣ್ಣು ಕೊಟ್ಟಾಗ ‘ಇವರದು ಮೊದಲೇ ಇದೆ’ ಅಂತ ಅರ್ಜಿ ತಿರಸ್ಕಾರವಾದರೆ ಅದೇ ಶುಭಸುದ್ದಿ. ಹಳೆಯ ದಾಖಲೆಯಲ್ಲಿ ಹೆಸರೂ ವಿಳಾಸವೂ ಇರುತ್ತದೆ. ದೇಶದ ಹಲವು ಕಡೆ ವರ್ಷಗಟ್ಟಲೆ ಕಾಣೆಯಾದವರು ಹೀಗೆ ಮನೆ ಸೇರಿದ್ದಾರೆ. ಅರ್ಜಿ ತಿರಸ್ಕಾರವಾಗಲಿ ಅಂತ ಹಾರೈಸುವ ಸರಕಾರಿ ಕೆಲಸ ಇದೊಂದೇ ಇರಬೇಕು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಲವು ವರ್ಷ ಒಬ್ಬ ಹೆಂಗಸು ಇದ್ದಳು. ಎಲ್ಲರೂ ‘ಹಿಂದಿ ಅಜ್ಜಿ’ ಅನ್ನುತ್ತಿದ್ದರು. ಆಕೆ ಆಡುತ್ತಿದ್ದದ್ದು ಹಿಂದಿಯೋ ಬೇರೆ ಏನೋ ಯಾರಿಗೆ ಗೊತ್ತು. ಬೇಕರಿಯವರು ಬನ್ನು, ಹೋಟೆಲಿನವರು ಇಡ್ಲಿ, ಹೂವಿನವರು ಚಳಿಗೆ ಹಳೇ ಕಂಬಳಿ ಕೊಡುತ್ತಿದ್ದರು. ನಮ್ಮ ಊರಿನ ಜನ ಕೆಟ್ಟವರಲ್ಲ. ಆಕೆ ಹಸಿದು ಮಲಗಿದ್ದನ್ನು ನಾನು ಕಂಡಿಲ್ಲ. ಒಂದು ಬೇಸಿಗೆಯಲ್ಲಿ ಕಾಣಿಸಲಿಲ್ಲ, ಎಲ್ಲಿ ಅಂತ ತಿಳಿಯಲೂ ಇಲ್ಲ. ಬನ್ನು ಕೊಡುವುದು ಊರಿಗೆ ಗೊತ್ತಿತ್ತು. ಆಕೆಯ ಮಾತನ್ನು ಗುರುತಿಸುವ ಒಬ್ಬರನ್ನು ಕರೆತರುವುದು ಯಾರ ಕೆಲಸವೂ ಆಗಿರಲಿಲ್ಲ.

ಕಾನೂನಿನ ಪ್ರಕಾರ ಅದು ಯಾರದಾದರೂ ಕೆಲಸವೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಓದಿದರೆ ಆಶ್ಚರ್ಯವಾಗುತ್ತದೆ. ಮಾನಸಿಕ ಕಾಯಿಲೆ ಇದ್ದು, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವ ಹೊಣೆ ಆ ಠಾಣೆಯ ಅಧಿಕಾರಿಯದು. 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಅಲೆಯುವವರ ವಿಷಯದಲ್ಲಿ ‘ಕಾಣೆಯಾದವರು’ ಅಂತ ಎಫ್.ಐ.ಆರ್. ಹಾಕಿ ಮನೆಯವರನ್ನು ಹುಡುಕಬೇಕು. ಇಲ್ಲಿ ಒಂದು ತಮಾಷೆ ಇದೆ. ಸಾಮಾನ್ಯವಾಗಿ ಕಾಣೆಯಾದವರ ದೂರು ಕೊಡುವುದು ಕಳೆದುಕೊಂಡವರು. ಇಲ್ಲಿ ಸಿಕ್ಕ ಊರಿನವರೇ ದೂರು ಬರೆಸಬಹುದು.

ತಲೆ ಸರಿಯಿದ್ದೂ ಮನೆಯಿಲ್ಲದವರಿಗೆ ನಗರಗಳಲ್ಲಿ ರಾತ್ರಿ ತಂಗುದಾಣ ಇರಬೇಕು. 1 ಲಕ್ಷ ಜನಸಂಖ್ಯೆಗೆ ಒಂದು ಅಂತ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು, ಕೇಂದ್ರದ ನಗರ ಜೀವನೋಪಾಯ ಯೋಜನೆಯೂ ಅದೇ ಲೆಕ್ಕ ಇಟ್ಟುಕೊಂಡಿತು. 1 ಲಕ್ಷ ಮುಟ್ಟದ ನಮ್ಮಂಥ ತಾಲ್ಲೂಕು ಊರುಗಳು ಆ ಲೆಕ್ಕದ ಹೊರಗೇ ಉಳಿಯುತ್ತವೆ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಫೆಬ್ರುವರಿ 28ರ ಒಂದೇ ರಾತ್ರಿ ಎಣಿಸಿದರು. ದೇಶಕ್ಕೆಲ್ಲ ಸುಮಾರು 17.7 ಲಕ್ಷ ಜನ. ಹಿಂದಿ ಅಜ್ಜಿಯಂಥವರು ಆ ರಾತ್ರಿ ಯಾರ ಟಾರ್ಚಿನ ಬೆಳಕಿಗೆ ಸಿಕ್ಕಿದರೋ ಬಿಟ್ಟರೋ.

ಮನೆ ಸಿಕ್ಕಿದ ಕತೆಗಳೆಲ್ಲ ಪತ್ರಿಕೆಯಲ್ಲಿ ಬರುತ್ತವೆ. ಅಪ್ಪ ಮಗನನ್ನು ತಬ್ಬಿ ಅತ್ತ ಫೋಟೊ ಎಲ್ಲರಿಗೂ ಬೇಕು. ಸಿಕ್ಕಿಯೂ ಸಿಗದ ಮನೆಯ ಕತೆ ಯಾರಿಗೂ ಬೇಡ. 7 ವರ್ಷ ಸುದ್ದಿಯೇ ಇಲ್ಲದವರನ್ನು ತೀರಿಕೊಂಡರು ಅಂತ ಭಾವಿಸಲು ಕಾನೂನಿನಲ್ಲೇ ಅವಕಾಶವಿದೆ. ಅಷ್ಟರಲ್ಲಿ ಪೌತಿ ಖಾತೆ ಆಗಿ ಜಮೀನು ತಮ್ಮಂದಿರ ಹೆಸರಿಗೆ ಹೋಗಿರುತ್ತದೆ. ಹೆಂಡತಿಗೆ ಬೇರೆ ಸಂಸಾರವಾಗಿರಬಹುದು. ತಿಥಿ ಮಾಡಿ ಗೋಡೆಗೆ ಫೋಟೊ ಹಾಕಿ ಹಾರ ಹಾಕಿದ ಮೇಲೆ ಅದೇ ಮನುಷ್ಯ ಬಾಗಿಲಿಗೆ ಬಂದು ನಿಂತರೆ, ಸಂತೋಷಕ್ಕಿಂತ ಮೊದಲು ಕಂಗಾಲಾಗುವ ಮನೆಗಳೂ ಇವೆ. ಅವರನ್ನು ಬೈಯುವುದು ಸುಲಭ. ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಮಾತ್ರೆ ಎಲ್ಲ ತಿಂಗಳೂ ಸಿಗುವ ಭರವಸೆ ಇಲ್ಲ, ಕೂಲಿ ಬಿಟ್ಟು ಕಾಯುವವರು ಯಾರು? ಅದಕ್ಕೇ ಮನೆ ಮುಟ್ಟಿಸಿದ ಮೇಲೂ ಔಷಧ ಕೈಯಲ್ಲಿ ಕೊಟ್ಟು, ಆಮೇಲೆ ಫೋನು ಮಾಡಿ ವಿಚಾರಿಸುವುದು ಬಿಡಿಸಿ ತಂದಷ್ಟೇ ದೊಡ್ಡ ಕೆಲಸ. ವಾಪಸು ಕರೆದುಕೊಳ್ಳದ ಮನೆಯವರು ಆಶ್ರಮದಲ್ಲೇ ಉಳಿಯುತ್ತಾರೆ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಹೊಸದಾಗಿ ಬಂದವರಿಗೆ ಸ್ನಾನ ಮಾಡಿಸುತ್ತಾ. ಉಳಿಯುವವರು ಹೆಚ್ಚಾದಷ್ಟೂ ಹೊಸಬರಿಗೆ ಜಾಗ ಕಡಿಮೆ. ಈ ಲೆಕ್ಕ ಯಾವ ಆಶ್ರಮಕ್ಕೂ ತಪ್ಪಿದ್ದಲ್ಲ.

ದೊಡ್ಡಮ್ಮನ ಅನುಮಾನಕ್ಕೂ ಉತ್ತರ ಹೇಳಬೇಕಲ್ಲ. ಕ್ರೈಸ್ತರ ಮನೆಗಳಲ್ಲಿ ಏಸುವಿನ ಪಟ ಇರುತ್ತದೆ, ಪ್ರಾರ್ಥನೆ ನಡೆಯುತ್ತದೆ. ನಮ್ಮ ಮಠದ ಹಾಸ್ಟೆಲಿನಲ್ಲಿ ಬೆಳಿಗ್ಗೆ ಭಜನೆ ಇದ್ದ ಹಾಗೆ. ಅದನ್ನು ಮುಚ್ಚಿಡುವುದೂ ಇಲ್ಲ. ಮತ ಬದಲಿಸುವ ಸಂಶಯ ಇದ್ದವರು ಒಂದು ಸಲ ಹೋಗಿ ನೋಡುವುದು ಒಳ್ಳೆಯದು. ನನ್ನ ಮಟ್ಟಿಗೆ, ಯಾವನ ಕಾಲಿನ ಹುಳ ತೆಗೆಯಲು ಅವನ ಮನೆಯವರೂ ಬರಲಿಲ್ಲವೋ ಅಲ್ಲಿ ಈ ಪ್ರಶ್ನೆ ಎರಡನೆಯದು. ಮೊದಲ ಪ್ರಶ್ನೆ ಬೇರೆ: ಈ ಮನೆ ನೋಂದಣಿಯಾಗಿದೆಯೇ, ವೈದ್ಯರು ಬರುತ್ತಾರೆಯೇ, ಒಳಗಿದ್ದವರ ಹೆಸರಿನ ಪಟ್ಟಿ ಠಾಣೆಯಲ್ಲಿದೆಯೇ, ಬಾಗಿಲು ಹೊರಗಿನವರಿಗೆ ತೆರೆದಿದೆಯೇ? ಯಾಕೆಂದರೆ ಗೋಡೆಯೊಳಗೆ ಮಾತಿಲ್ಲದವರನ್ನು ಇಟ್ಟುಕೊಂಡ ಎಲ್ಲ ಕಡೆ ಒಳ್ಳೆಯದೇ ನಡೆದಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಸರಕಾರಿ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತು ದೊಡ್ಡ ಸುದ್ದಿಯಾಗಿತ್ತು. 2023ರಲ್ಲಿ ತಮಿಳುನಾಡಿನ ವಿಲ್ಲುಪುರಂ ಬಳಿಯ ಒಂದು ಖಾಸಗಿ ಆಶ್ರಮದ ಮೇಲೆ ಹಿಂಸೆಯ ದೂರು ಬಂದು, ಅಲ್ಲಿದ್ದವರನ್ನು ಅಧಿಕಾರಿಗಳು ಬಿಡಿಸಿ ಕರೆದೊಯ್ದರು. ಸರಕಾರದ್ದೋ ಖಾಸಗಿಯೋ, ಶಿಲುಬೆ ಇದೆಯೋ ವಿಭೂತಿ ಇದೆಯೋ ಅನ್ನುವುದರಿಂದ ಇದು ತೀರ್ಮಾನವಾಗುವುದಿಲ್ಲ. ಊಟ ಕೊಡಲು, ಹುಟ್ಟುಹಬ್ಬ ಆಚರಿಸಲು ಹೊರಗಿನವರು ಬಂದು ಹೋಗುತ್ತಿದ್ದರೆ ಅದೇ ಒಂದು ಕಾವಲು.

ಬೇಡಿ ತಂದು ಬಡಿಸುವುದಕ್ಕೂ ಕ್ರೈಸ್ತರಲ್ಲಿ ಹಳೆಯ ದಾರಿಯಿದೆ. ಫ್ರಾನ್ಸಿನಲ್ಲಿ ಜಾನ್ ಜುಗಾನ್ ಅನ್ನುವ ಹೆಂಗಸು, ಮನೆಗೆಲಸ ಮಾಡಿಕೊಂಡಿದ್ದ ಬಡವಿ, 1839ರಲ್ಲಿ ಕಣ್ಣಿಲ್ಲದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟು ತಾನು ಅಟ್ಟದ ಮೇಲೆ ಮಲಗಿದಳು. ಮುದುಕಿಯರು ಹೆಚ್ಚಾದಾಗ, ನೀವು ಬೇಡಬೇಡಿ, ನಿಮಗಾಗಿ ನಾನು ಬೇಡುತ್ತೇನೆ ಅಂತ ಬುಟ್ಟಿ ಹಿಡಿದು ಬೀದಿಗೆ ಇಳಿದಳು. ಅವಳ ಪಂಗಡದ ಸಿಸ್ಟರುಗಳು 1900ರಲ್ಲಿ ಬೆಂಗಳೂರಿಗೆ ಬಂದು ಹೊಸೂರು ರಸ್ತೆಯಲ್ಲಿ ಮುದುಕರಿಗೆ ಮನೆ ಮಾಡಿದರು. ಖಾಯಂ ಆದಾಯ ಇಟ್ಟುಕೊಳ್ಳಬಾರದು, ದಿನದ್ದನ್ನು ಬೇಡಿಯೇ ತರಬೇಕು ಅನ್ನುವುದು ಅವರ ನೇಮ. ಮಾರುಕಟ್ಟೆಗೆ ಹೋಗಿ ಅಂಗಡಿಯಿಂದ ಅಂಗಡಿಗೆ ತರಕಾರಿ ಕೇಳುತ್ತಾರೆ. 2009ರಲ್ಲಿ ಜಾನ್ ಜುಗಾನ್‌ಗೆ ಸಂತಪದವಿ ಬಂತು. ಈ ಕತೆಯನ್ನು ಬಸ್ಸಿನಲ್ಲಿ ಹೇಳಿದಾಗ ದೊಡ್ಡಮ್ಮ, “ನಮ್ಮ ಜೋಳಿಗೆ ಸ್ವಾಮಿಗಳ ಹಂಗೆ ಅನ್ನು” ಅಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಊಟದ ರಸೀದಿ ಬರೆಸುವಾಗ ಒಂದು ವಿಷಯ ನಡೆಯಿತು. ಯಾರ ನೆನಪಿಗೆ, ಯಾವ ಊರು ಅಂತ ಕೇಳಿದರು. ದೊಡ್ಡಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ, ನಾನೇ ಹೇಳಿದೆ. ಊರಿನ ಸರದಿ ಬಂದಾಗ ಅವರು ನನ್ನನ್ನು ತಡೆದು ತಾವೇ ನಿಧಾನವಾಗಿ ಹೇಳಿದರು. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಒಂದೂ ಬಿಡದೆ. ಬರೆದದ್ದನ್ನು ಇನ್ನೊಮ್ಮೆ ಓದಿಸಿಕೊಂಡರು.

ಹೋಗಬೇಕು ಅನ್ನುವವರಿಗೆ ಒಂದೆರಡು ಮಾತು. ಘಟ್ಟದ ಹಗಲಿನ ರೈಲು ವಾರದ ಎಲ್ಲ ದಿನ ಇರುವುದಿಲ್ಲ, ಮಳೆಗಾಲದಲ್ಲಿ ಗುಡ್ಡ ಜರಿದು ರದ್ದಾಗುವುದೂ ಉಂಟು, ನೋಡಿಕೊಂಡು ಹೊರಡಿ. ಮಂಗಳೂರಿನಿಂದ ತಲಪಾಡಿ, ಮಂಜೇಶ್ವರದ ಕಡೆಗೆ ಬಸ್ಸು ಬೇಕಾದಷ್ಟು. ಇಂಥ ಮನೆಗೆ ಮೊದಲೇ ಫೋನು ಮಾಡಿ ಏನು ಬೇಕು ಅಂತ ಕೇಳಿ. ಸಿಹಿತಿಂಡಿ ಎಲ್ಲರೂ ತರುತ್ತಾರೆ, ಸಕ್ಕರೆ ಕಾಯಿಲೆಯವರು ಬಹಳ ಇರುತ್ತಾರೆ. ಬಟ್ಟೆ ಸೋಪು, ಫಿನಾಯಿಲ್, ದೊಡ್ಡವರ ಡಯಾಪರ್, ಲುಂಗಿ, ನೈಟಿ, ಒಳಉಡುಪು ತರುವವರು ಕಡಿಮೆ. ಅಲ್ಲಿದ್ದವರ ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ. ಅವರನ್ನು ಹುಡುಕುತ್ತಿರುವವರಿಗೆ ಮುಟ್ಟಿಸುವ ಫೋಟೊ ಬೇರೆ, ಅದನ್ನು ಅವರೇ ತೆಗೆಯುತ್ತಾರೆ. ಹೊತ್ತಿದ್ದರೆ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ‘ಗಿಳಿವಿಂಡು’ ನೋಡಿಕೊಂಡು ಬನ್ನಿ.

ಅಷ್ಟು ದೂರ ಹೋಗಲಾಗದವರ ಬಸ್ ಸ್ಟ್ಯಾಂಡಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಕರೆ ಮಾಡಬೇಕಾದ ನಂಬರು ಪೊಲೀಸರದು 112. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ-ಮನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಫೋನು ಮಾಡುವ ಮೊದಲು ಆ ಮನುಷ್ಯನ ಪಕ್ಕ ಐದು ನಿಮಿಷ ಕೂತು, ಆತ ಆಡುವ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪದ ಯಾವುದಾದರೂ ಇದ್ದರೆ ಕಿವಿಗೆ ಬಿದ್ದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಿ. ಅರ್ಥ ಗೊತ್ತಾಗಬೇಕಿಲ್ಲ. ಎಷ್ಟೋ ಸಲ ಅದು ಊರಿನ ಹೆಸರಾಗಿರುತ್ತದೆ.